ಸುಕ್ಕು ಮೊಟ್ಟೆಯ ಜಾಡು ಹಿಡಿದ ಮಂಚಮ್ಮ

ಹುಲ್ಲಹಳ್ಳಿಯ ಕಾಲುವೆ ಬೀದಿಯಲ್ಲಿ ಮಂಚಮ್ಮನ ಕೈಗೆ ಸಿಕ್ಕದ ಕೋಳಿ ಇರಲಿಲ್ಲ. ಅರ್ಧ ಆಯಸ್ಸನ್ನು ಕಂಡವರ ಗದ್ದೆಯಲ್ಲಿ ನಾಟಿ ಹಾಕಿ, ಕಬ್ಬು ಕಡಿದು ಕಳೆದ ಹೆಂಗಸು ಅವಳು. ಐವತ್ತರ ಹತ್ತಿರ ಬಂದಾಗ ಪಶು ಆಸ್ಪತ್ರೆಯವರ ತರಬೇತಿಗೆ ಹೋಗಿ ಕೋಳಿಗೆ ಲಸಿಕೆ ಹಾಕುವುದನ್ನು ಕಲಿತಳು. ಕೋಳಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ರೆಪ್ಪೆ ಬಿಡಿಸಿ, ಕಣ್ಣಿಗೆ ಒಂದೇ ಹನಿ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವ ಗಂಟಲು ಅವಳದು. ಹನಿ ಬಿಡುವಾಗಲೂ ಏನಾದರೊಂದು ಪದ ಗುನುಗುತ್ತಿದ್ದಳು. ಕೋಳಿಗೆ ಸಂಗೀತ ತಿಳಿಯುತ್ತದೋ ಇಲ್ಲವೋ ದೇವರೇ ಬಲ್ಲ, ಅದು ಸುಮ್ಮನಿರುವುದು ಪದಕ್ಕೇ ಎಂದು ಬೀದಿಯ ಹೆಂಗಸರೆಲ್ಲ ನಂಬಿದ್ದರು.

ಆ ಹೆಂಗಸರೆಲ್ಲ ಸೇರಿ ಸಂಘ ಮಾಡಿಕೊಂಡು ಮೊಟ್ಟೆ ಕೋಳಿ ಸಾಕುತ್ತಿದ್ದರು. ಎಲ್ಲರ ಮೊಟ್ಟೆಯನ್ನೂ ಒಟ್ಟುಮಾಡಿ ಬಸ್ಸಿನಲ್ಲಿ ತಿ. ನರಸೀಪುರದ ಅಂಗಡಿಗೆ ಹಾಕಿ ಬರುವವಳೂ ಮಂಚಮ್ಮನೇ.

ಈ ಸಲದ ಚಳಿಗಾಲಕ್ಕೆ ಕೋಳಿಗಳು ಸೀನತೊಡಗಿದವು. ಗಂಟಲಲ್ಲಿ ಗೊರಗೊರ ಸದ್ದು. ಸೀನು ನಿಂತ ಮೇಲೆ ಮೊಟ್ಟೆ ಕೆಟ್ಟಿತು. ಸಿಪ್ಪೆ ಬಿಳಿಚಿಕೊಂಡು ಸುಕ್ಕುಸುಕ್ಕಾಗಿ, ಒಡೆದರೆ ಲೋಳೆ ನೀರಿನ ಹಾಗೆ ತಟ್ಟೆಯ ಅಂಚಿಗೆ ಓಡುತ್ತಿತ್ತು. ಸಂಘದ ಹಿರಿಯಳು ಜವರಮ್ಮ ಅಂಥದೊಂದು ಮೊಟ್ಟೆಯನ್ನು ತಂದು ಮಂಚಮ್ಮನ ಅಂಗೈಯಲ್ಲಿಟ್ಟಳು.

“ಔಸ್ದಿ ಅಂತ ಏನ್ ಬುಟ್ಯವ್ವ ನಮ್ ಕೋಳಿ ಕಣ್ಗೆ? ಕಾಲ್ವೆ ನೀರಾ? ಇನ್ನು ಮ್ಯಾಕೆ ನಮ್ ಕೋಳಿ ಮುಟ್ಬ್ಯಾಡ ಕಣೆ.”

ಬೀದಿಯವರೆಲ್ಲ ಜವರಮ್ಮನ ಹಿಂದೆಯೇ ನಿಂತರು. ಅವಮಾನವನ್ನು ಹೇಗೋ ನುಂಗಬಹುದಿತ್ತು. ಆದರೆ ಹನಿಯನ್ನೇ ನಂಬದೆ ಇವರು ಲಸಿಕೆ ಹಾಕಿಸುವುದನ್ನೇ ನಿಲ್ಲಿಸಿದರೆ, ನಾಳೆ ಕೊಕ್ಕರೆ ರೋಗ ಬಂದು ಬೀದಿಯಲ್ಲಿ ಒಂದು ಹುಂಜವೂ ಕೂಗದಂತೆ ಗುಡಿಸಿ ಹಾಕುತ್ತದೆ. ಅವಳ ತಾಯಿಯ ಕೋಳಿಗಳೆಲ್ಲ ಹಾಗೇ ಹೋಗಿದ್ದವು.

“ಓಗ್ಲಿ ಬುಡಿ ಅತ್ತೆ, ಅವ್ರ ಕೋಳಿ ಅವ್ರಿಗೆ,” ಎಂದಳು ಸೊಸೆ ಕವನ.

“ಬುಡಾಕಾಯ್ತದಾ? ನಾನು ಬುಟ್ಟಿದ್ದು ಔಸ್ದಿನೇ. ಅದ್ಯಾಕೆ ಕೆಲ್ಸ ಮಾಡ್ನಿಲ್ಲ ಅಂತ ತಿಳ್ಕಳಗಂಟ ನಾನು ಬುಡಾಕಿಲ್ಲ.”

ನಂಜನಗೂಡಿನ ಪಶುವೈದ್ಯೆ ಶ್ವೇತ ಅವಳಿಗೆ ತರಬೇತಿ ಕೊಟ್ಟವರು. ಫೋನಿನಲ್ಲಿ ಎಲ್ಲ ಕೇಳಿ, ಪರೀಕ್ಷೆಗೆ ಸೀನು ಈಗಷ್ಟೇ ಶುರುವಾದ ಕೋಳಿ ಬೇಕು, ವಾಸಿಯಾದದ್ದರಲ್ಲಿ ಏನೂ ಸಿಗುವುದಿಲ್ಲ ಎಂದರು. ಬೀದಿಯಲ್ಲಿ ಯಾರೂ ಅವಳನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವಳದೇ ಕೆಂಚಿ ಕೋಳಿ ತಲೆ ಒದರಿ ಸೀನಿತು. ಸಾಕಿದ ಕೋಳಿ ಸೀನಿದ್ದಕ್ಕೆ ಖುಷಿಪಟ್ಟ ಹೆಂಗಸು ತಾಲ್ಲೂಕಿನಲ್ಲಿ ಅವಳೊಬ್ಬಳೇ ಇರಬೇಕು. ಕೆಂಚಿಯನ್ನು ರಟ್ಟಿನ ಡಬ್ಬಕ್ಕೆ ಹಾಕಿ, ಮೇಲೆ ಹಳೇ ಸೀರೆ ಸುತ್ತಿ ನಂಜನಗೂಡಿನ ಬಸ್ಸು ಹತ್ತಿದಳು.

“ಕೋಳಿಗೆ ಟಿಕೆಟ್ ತಗಬೇಕಮ್ಮ,” ಎಂದ ಕಂಡಕ್ಟರ್.

“ಹೆಂಗಸ್ರಿಗೆ ಫ್ರೀ ಅಲ್ವಾ ಸಾ? ಇವ್ಳೂ ಹೆಣ್ಣೇ ಕಣಪ್ಪ.”

ಬಸ್ಸೆಲ್ಲ ನಕ್ಕಿತು. ಟಿಕೆಟ್ ಮಾತ್ರ ತಪ್ಪಲಿಲ್ಲ.

ಡಾಕ್ಟರ್ ನಗಲಿಲ್ಲ. “ಕಾಯಿಲೆ ಕೋಳೀನ ಬಸ್ಸಲ್ಲಿ ತರ್ತಾರಾ ಮಂಚಮ್ಮ? ನಂಗೆ ಒಂದು ಮಾತು ಹೇಳಿದ್ರೆ ನಾನೇ ಬರ್ತಿದ್ದೆ. ಇದು ಗಾಳಿಲೂ ಹೋಗುತ್ತೆ, ಬಟ್ಟೆಗೂ ಅಂಟುತ್ತೆ.” ಬೈಯುತ್ತಲೇ ಕೆಂಚಿಯ ಗಂಟಲಿಗೆ ಹತ್ತಿಕಡ್ಡಿ ಇಳಿಸಿ, ಬೆಂಗಳೂರಿನ ಲ್ಯಾಬಿಗೆ ಕಳಿಸಲು ಕಟ್ಟಿಟ್ಟರು. ಆಮೇಲೆ ಕುರ್ಚಿ ಎಳೆದುಕೊಂಡು ಬಿಡಿಸಿ ಹೇಳಿದರು.

ಲಕ್ಷಣ ನೋಡಿದರೆ ಈ ರೋಗದ ವೈರಸ್ಸೂ ಕೊರೊನಾ ಕುಲದ್ದೇ, ಆದರೆ ಕೋಳಿಗಳದ್ದು, ಮನುಷ್ಯರಿಗೆ ಬರುವುದಿಲ್ಲ. ಅದರ ವಂಶವಾಹಿ ಎಂದರೆ ಇಪ್ಪತ್ತೇಳು ಸಾವಿರ ಅಕ್ಷರದಷ್ಟು ಉದ್ದದ ಬರಹ ಎಂದುಕೊಳ್ಳಿ. ಕೋಳಿಯ ಗಂಟಲು ಹೊಕ್ಕ ವೈರಸ್ ಆ ಬರಹವನ್ನು ಮತ್ತೆ ಮತ್ತೆ ನಕಲು ಮಾಡುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ತಿದ್ದಿಕೊಳ್ಳುವ ಏರ್ಪಾಡೂ ಅದಕ್ಕಿದೆ, ಆದರೂ ಕೆಲವು ತಪ್ಪು ಉಳಿದುಬಿಡುತ್ತವೆ. ಬಹಳಷ್ಟು ತಪ್ಪುಗಳಿಂದ ಅದಕ್ಕೇನೂ ಲಾಭವಿಲ್ಲ. ಆದರೆ ಹೊರಮೈಯ ಮುಳ್ಳನ್ನು ಕಟ್ಟುವ ಭಾಗದಲ್ಲಿ ತಪ್ಪಿದರೆ ಮುಳ್ಳಿನ ರೂಪವೇ ಬದಲಾಗಬಹುದು. ಲಸಿಕೆ ಹಾಕಿಸಿಕೊಂಡ ಕೋಳಿ ಹಳೇ ಮುಳ್ಳನ್ನು ಬಲ್ಲದು, ಹೊಸದನ್ನು ಗುರುತಿಸಲಾರದು. ಒಂದೇ ಕೋಳಿಗೆ ಎರಡು ಬಗೆಯ ವೈರಸ್ ಒಟ್ಟಿಗೆ ಹೊಕ್ಕರಂತೂ ಇದರ ತುಂಡು ಅದಕ್ಕೆ ಸೇರಿಕೊಂಡು ಮೂರನೆಯದೊಂದು ಹುಟ್ಟಬಹುದು.

ಮಂಚಮ್ಮ ಡಬ್ಬದ ಮೇಲಿನ ಸೀರೆ ಸರಿಮಾಡಿದಳು. “ನಮ್ ಸೋಬಾನೆ ಪದ್ದಂಗೆ ಅನ್ನಿ ಮೇಡಮ್. ಬಾಯಿಂದ ಬಾಯ್ಗೆ ಓಗ್ತಾ ಮಾತು ಬದ್ಲಾಯ್ತದೆ. ನನ್ ಸೊಸೆ ಕಳಲೆಯವ್ಳು, ಅವ್ಳ ಊರ ಪದಕ್ಕೆ ನಮ್ಮೂರ ಪದ ಸೇರ್ಸಿ ಏಳ್ತಾಳೆ.”

“ಸರಿಯಾಗಿ ಹಿಡಿದ್ರಿ. ಪದ ಕೇಳಿ ಹಾಡೋಳು ಯಾವೂರವಳು ಅಂತ ನೀವು ಹೇಳ್ತೀರಲ್ಲ? ಲ್ಯಾಬಿನವರೂ ಅಕ್ಷರ ನೋಡಿ ವೈರಸ್ ಎಲ್ಲಿಂದ ಬಂತು ಅಂತ ಊಹಿಸ್ತಾರೆ.”

ಆ ಮಾತು ಮಂಚಮ್ಮನಿಗೆ ಬಹಳ ಹಿಡಿಸಿತು. ಮುಂದೆ ಅದೇ ತನ್ನ ಕೊರಳಿಗೆ ಬರುತ್ತದೆಂದು ಅವಳಿಗೇನು ಗೊತ್ತು.

ವರದಿ ಬರುವುದು ತಡವಾಯಿತು. ಫೋನು ಮಾಡಿ ಮಾಡಿ ಡಾಕ್ಟರ ತಲೆ ತಿಂದಳು. ಕೊನೆಗೆ ಅವರೇ ಅವಳನ್ನು ನಂಜನಗೂಡಿಗೆ ಕರೆಸಿಕೊಂಡು ಹೇಳಿದರು. ಲಸಿಕೆಯಲ್ಲಿರುವ, ಬಲ ಕುಗ್ಗಿಸಿದ ವೈರಸ್ಸಿನದೇ ಬೇರೆ ಬಳಗ, ಕೆಂಚಿಯ ಗಂಟಲಲ್ಲಿ ಸಿಕ್ಕಿದ್ದೇ ಬೇರೆ ಬಳಗ. ಮುಳ್ಳಿನ ಭಾಗದ ಬರಹ ತುಂಬಾ ಬದಲಾಗಿದೆ. “ನಿಮ್ಮ ಹನಿ ಸರಿಯಾಗೇ ಇತ್ತು. ಈ ಬಗೆಗೆ ಅದು ಸಾಲಲಿಲ್ಲ, ಅಷ್ಟೇ.”

ಮಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರ್ ಇನ್ನೂ ಮುಗಿಸಿರಲಿಲ್ಲ. “ತಿ. ನರಸೀಪುರದ ಕಡೆಯ ಒಂದು ದೊಡ್ಡ ಕೋಳಿ ಫಾರಂನಲ್ಲಿ ಮುಂಚೆ ಸಿಕ್ಕಿದ್ದಕ್ಕೂ ಇದಕ್ಕೂ ಹೆಚ್ಚುಕಮ್ಮಿ ಅಕ್ಷರಕ್ಕೆ ಅಕ್ಷರ ಕೂಡುತ್ತೆ. ಆ ಕಡೆಯಿಂದ ಮರಿಗಿರಿ ತಂದಿದ್ರಾ?”

“ಇಲ್ಲ ಮೇಡಮ್, ಯಾರೂ ತಂದಿಲ್ಲ.”

ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಖಾಲಿ ಮೊಟ್ಟೆ ಟ್ರೇಗಳ ಕಟ್ಟನ್ನು ಆಟೋಗೆ ತುಂಬುತ್ತಿದ್ದರು. ನೋಡುತ್ತ ನಿಂತ ಮಂಚಮ್ಮನಿಗೆ ತಟ್ಟನೆ ಹೊಳೆಯಿತು. ಅಂಗಡಿಗೆ ಮೊಟ್ಟೆ ಕೊಟ್ಟು ಬರುವಾಗ ಅಲ್ಲಿ ಬಿದ್ದಿದ್ದ ಖಾಲಿ ಟ್ರೇಗಳನ್ನು ಸುಮ್ಮನೆ ಹಾಳಾಗುವುದೇಕೆಂದು ಚೀಲಕ್ಕೆ ತುಂಬಿ ತಂದು ಮನೆಮನೆಗೂ ಹಂಚಿದವಳು ಅವಳೇ. ಅದೇ ಅಂಗಡಿಗೆ ದೊಡ್ಡ ಫಾರಂಗಳ ಮೊಟ್ಟೆಯೂ ಅಂಥ ಟ್ರೇಗಳಲ್ಲೇ ಬರುತ್ತಿತ್ತು.

ಬಸ್ಸು ಕಪಿಲೆಯ ಸೇತುವೆ ದಾಟುವ ತನಕ ಅವಳ ಮನಸ್ಸು ಹೊಯ್ದಾಡಿತು. ಹನಿ ಸರಿಯಿತ್ತು ಎಂದಷ್ಟೇ ಹೇಳಿದರೆ ಹೋದ ಮರ್ಯಾದೆ ವಾಪಸು ಬರುತ್ತದೆ. ಟ್ರೇ ವಿಷಯ ಯಾರು ಕೇಳುತ್ತಾರೆ? ಆದರೆ ಆ ಟ್ರೇಗಳು ಮನೆಮನೆಯಲ್ಲೂ ಇನ್ನೂ ಇದ್ದವು. ಸೇತುವೆಯಾಚೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು.

ಇಳಿದವಳೇ ನೇರ ಜವರಮ್ಮನ ಜಗಲಿಗೆ ಹೋಗಿ ಎಲ್ಲರನ್ನೂ ಕರೆಸಿದಳು. ಹನಿಯದನ್ನೂ ಹೇಳಿದಳು, ಟ್ರೇಯದನ್ನೂ ಹೇಳಿದಳು.

“ಅಂಗಾರೆ ನಿನ್ ಕೈಯಿಂದ್ಲೇ ಬಂತು ಅನ್ನು,” ಎಂದಳು ಜವರಮ್ಮ.

“ಊಂ ಕಣಕ್ಕ, ನನ್ ಕೈಯಿಂದ್ಲೇ. ಟ್ರೇಲಿ ಬಂದಿರಬೇಕು, ಹನಿಲಲ್ಲ. ಬೈಯೋದಿದ್ರೆ ಬೈಯಿ. ಮೊದ್ಲು ಟ್ರೇ ಸುಡು.”

ಜವರಮ್ಮ ಒಳಗೆ ಹೋಗಿ ಟ್ರೇಗಳನ್ನೆಲ್ಲ ಹೊತ್ತು ತಂದು ನೀರೊಲೆಗೆ ತುರುಕಿದಳು. ಮಂಚಮ್ಮನ ಕಡೆಗೆ ಮಾತ್ರ ತಿರುಗಿ ನೋಡಲಿಲ್ಲ.

ಹೊಸ ಬಗೆಗೂ ಆಗುವಂಥ ಲಸಿಕೆಯನ್ನು ಡಾಕ್ಟರ್ ತರಿಸಿದರು. ಐಸಿನ ಡಬ್ಬಿ ಹಿಡಿದು ಮಂಚಮ್ಮ ಬೀದಿಗೆ ಬಂದಾಗ ಬಾಗಿಲುಗಳೆಲ್ಲ ಹಾಕಿದ್ದವು. ಆದರೂ ನಡುಬೀದಿಯಲ್ಲಿ ನಿಂತಳು, ಹಿಂದಕ್ಕೆ ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಜವರಮ್ಮನ ಬಾಗಿಲು ಕಿರ್ರೆಂದಿತು. ಕಂಕುಳಲ್ಲಿ ಕೋಳಿ, ಮುಖದಲ್ಲಿ ಇನ್ನೂ ಸಿಡುಕು.

“ಏನ್ ನೋಡ್ತಾ ನಿಂತಿದ್ದೀಯೆ? ಹನಿ ಬುಡು. ಪದ ಏಳ್ಕಂಡೇ ಬುಡು, ಇಲ್ದಿದ್ರೆ ಇದು ಸುಮ್ನಿರಾಕಿಲ್ಲ.”