ತಮ್ಮದೇ ತೀರ್ಪಿಗೆ ಎದುರು ನಿಂತ ವಕೀಲರು

ಹುನಗುಂದದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾಯಲ್ಲಿ ಬೇವಿನ ಕಡ್ಡಿ, ಹೆಗಲ ಮೇಲೆ ಟವೆಲ್ಲು, ಅಮಾತೆಪ್ಪ ಗುಡೂರ ವಕೀಲರು ಬಾಗಿಲು ತೆಗೆಯುತ್ತಾರೆ. ಕಟ್ಟೆಯ ಮೇಲೆ ನ್ಯಾಯ ಕೇಳುವವರು ಆಗಲೇ ಕೂತಿದ್ದಾರೆ. ಒಬ್ಬನ ಕಂಕುಳಲ್ಲಿ ಕೋಳಿ, ಆ ಕೋಳಿಯ ಮೇಲೆ ಕಣ್ಣಿಟ್ಟವನು ಇನ್ನೊಬ್ಬ. ಇಬ್ಬರೂ ಕಲಾದಗಿಯವರು. ಸಂಜೆ ಬಸ್ಸಿಗೆ ಬಂದು, ಬಸ್‌ಸ್ಟ್ಯಾಂಡಿನಲ್ಲೇ ಕೋಳಿಯನ್ನು ನಡುವೆ ಮಲಗಿಸಿಕೊಂಡು ರಾತ್ರಿ ಕಳೆದಿದ್ದಾರೆ.

“ಶರಣ್ರೀ ಜಡ್ಜ್ ಸಾಹೇಬ್ರ!”

“ನಾ ಜಡ್ಜ್ ಅಲ್ಲೋ ಯಪ್ಪಾ, ವಕೀಲ.”

“ಹಂಗಂದ್ರ ಹ್ಯಾಂಗ್ರಿ? ನೀವು ಸುತ್ತಿಗಿ ಹೊಡದಿದ್ದು ಕಣ್ಣಾರೆ ನೋಡೀವಲ್ಲ!”

ಒಳಗಿನಿಂದ ಹೆಂಡತಿ ಶಿವಲಿಂಗವ್ವನ ದನಿ ಬರುತ್ತದೆ: “ತೀರ್ಪು ಆಮ್ಯಾಲ ಕೊಡೂವಂತ್ರಿ, ಮೊದಲ ಎಮ್ಮಿಗೆ ನೀರು ಕುಡಸ್ರಿ.” ವಕೀಲರು ಎಮ್ಮೆಗೆ ನೀರು ಕುಡಿಸಿ ಬಂದು, ಜಗಳಗಂಟರಿಬ್ಬರಿಗೂ ಒಂದೇ ಕಪ್ಪಿನ ಚಹಾ ಹಂಚಿ ಕುಡಿಸಿ, ಕೋಳಿಯ ಮೊಟ್ಟೆ ವಾರಕ್ಕೊಬ್ಬರಿಗೆ ಎಂದು ಒಪ್ಪಿಸಿ ಕಳಿಸುತ್ತಾರೆ. ಹೀಗೆ ದಿನಾ ಬೆಳಗ್ಗೆ ನಾಲ್ಕೈದು ಪಂಚಾಯ್ತಿ. ಹತ್ತು ಗಂಟೆಗೆ ಕರೀ ಕೋಟು ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಮುನ್ಸಿಫ್ ಕೋರ್ಟಿಗೆ ಹೊರಟರೆ, ಆಮೇಲೆ ಅವರನ್ನು ಕೇಳುವವರು ಕಡಿಮೆ. ಈ ಸೀಮೆಯಲ್ಲಿ ಅಮಾತೆಪ್ಪನವರನ್ನು ಜಡ್ಜ್ ಎಂದು ಅರಿಯದವರಿಲ್ಲ, ವಕೀಲರೆಂದು ಅರಿತವರು ಭಾಳ ಇಲ್ಲ. ಎಲೆಮರೆಯ ಕಾಯಿಯಂತೆ ಉಳಿದದ್ದು ಆ ವಕೀಲ.

ಖರೆ ಹೇಳಬೇಕೆಂದರೆ ಜಡ್ಜ್ ಆಗುವ ಆಸೆ ಅವರಿಗೇನು ಕಡಿಮೆ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಮೂರು ಸಲ ಮುನ್ಸಿಫ್ ಪರೀಕ್ಷೆಗೆ ಕೂತರು, ಮೂರು ಸಲವೂ ಡುಮಕಿ ಹೊಡೆದರು. “ಮೂರನೇ ಸಲಕ್ಕ ನಮ್ಮ ಮಾವನವರು ತುಳಸಿಗೇರಿ ಹನುಮಪ್ಪಗ ಹರಕಿ ಹೊತ್ತಿದ್ರರಿ. ಹನುಮಪ್ಪ ಏನ್ಮಾಡ್ಯಾನು, ಪೇಪರ್ ಬರದಾಂವ ನಾನು!” ಎಂದು ನಗುತ್ತಾರೆ. ಬಾದಾಮಿ, ಬಾಗಲಕೋಟೆ, ಹುನಗುಂದ ಎಂದು ಬಸ್ಸಿನಲ್ಲಿ ಅಲೆದು ದುಡಿದರು. ಫೀ ಎಂದು ಬದನೆಕಾಯಿ ಕೊಟ್ಟವರೂ ಉಂಟು. ಮಗಳ ಮದುವೆಯಾಯಿತು, ಕೂದಲು ಬೆಳ್ಳಗಾಯಿತು, ಕೋಟು ಮಾಸಿ ಬೂದಿಬಣ್ಣಕ್ಕೆ ಬಂತು.

ಅಂಥ ಹೊತ್ತಿನಲ್ಲಿ, ೧೯೮೬ರ ಬೇಸಿಗೆಯಲ್ಲಿ, ಬೆಂಗಳೂರಿನ ಖಾಸಗಿ ನಿರ್ಮಾಪಕರೊಬ್ಬರು ಪಟ್ಟದಕಲ್ಲಿನಲ್ಲಿ ಏನೋ ಚಿತ್ರ ತೆಗೆಯಲು ಬಂದವರು ಬಾದಾಮಿಯ ಚಹಾದಂಗಡಿಯಲ್ಲಿ ಇವರನ್ನು ಕಂಡರು. ದಪ್ಪ ಹುಬ್ಬು, ತುಂಬಿದ ಗಲ್ಲ, ಚಹಾದಲ್ಲಿ ಸಕ್ಕರೆ ಕಡಿಮೆಯಾದರೂ ಯಾರಿಗೋ ಶಿಕ್ಷೆ ವಿಧಿಸುವಂಥ ಮುಖ. “ನಮ್ಮ ಜಡ್ಜ್ ಸಿಕ್ಕಿಬಿಟ್ರು!” ಎಂದು ನಿರ್ಮಾಪಕರು ಕೂಗಿದರಂತೆ. ಜನರಿಗೆ ಕಾನೂನು ತಿಳಿಸುವ ‘ನಿಮ್ಮ ಕಟಕಟೆ’ ಎಂಬ ಟಿ.ವಿ. ಕಾರ್ಯಕ್ರಮಕ್ಕೆ ಅವರು ಮುಖ ಹುಡುಕುತ್ತಿದ್ದರು. ಸರಕಾರ ಮೂರು ಸಲ ಕೊಡದ ಕುರ್ಚಿಯನ್ನು ಟಿ.ವಿ. ಒಂದು ಕಪ್ ಚಹಾದ ಮೇಲೆ ಕೊಟ್ಟಿತು.

ಮೊದಲ ದಿನವೇ ಮೇಜಿನ ಮೇಲೆ ಕಟ್ಟಿಗೆಯ ಸುತ್ತಿಗೆ ಇಟ್ಟಿದ್ದರು. “ನಮ್ಮ ಕೋರ್ಟಿನ್ಯಾಗ ಸುತ್ತಿಗಿ ಇರಂಗಿಲ್ರಿ,” ಎಂದರು ಅಮಾತೆಪ್ಪ. “ಇರಲಿ ಸಾರ್, ಸಿನಿಮಾದಲ್ಲಿ ಇರುತ್ತೆ,” ಎಂದರು ನಿರ್ಮಾಪಕರು. ಇದರ ಪೆಟ್ಟು ಬಿದ್ದದ್ದು ಹುನಗುಂದದ ಮುನ್ಸಿಫ್ ಸಾಹೇಬರಿಗೆ. ದುರಗಪ್ಪ ಎಂಬ ಸಾಕ್ಷಿಯೊಬ್ಬ ಕಟಕಟೆಯಲ್ಲಿ ನಿಂತು ಸಾಹೇಬರ ಮೇಜನ್ನು ಎಡಕ್ಕೂ ಬಲಕ್ಕೂ ಇಣುಕಿ ನೋಡಿದ. “ಇವರ ಹತ್ರ ಸುತ್ತಿಗಿನ ಇಲ್ಲ,” ಎಂದವನೇ ಅಮಾತೆಪ್ಪನವರ ಕಡೆ ತಿರುಗಿ ಕೈ ಮುಗಿದು ಪ್ರಮಾಣ ಮಾಡಿದ. ಮುನ್ಸಿಫರು ಅಂದು ಅಮಾತೆಪ್ಪನವರ ಎರಡೂ ಕೇಸು ಮುಂದೂಡಿದರು.

ಆದರೂ ಕುರ್ಚಿಯ ಸುಖ ಸುಖವೇ. ಭಾಷಣಕ್ಕೆ ಕರೆದರು, ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟರು, ಶಿವಲಿಂಗವ್ವ ಕೂಡ ಊಟಕ್ಕೆ ಬಡಿಸುವಾಗ ಒಮ್ಮೊಮ್ಮೆ “ಏಳ್ರಿ ಜಡ್ಜ್ ಸಾಹೇಬ್ರ” ಎನ್ನುತ್ತಿದ್ದರು. ತಮಾಷೆಗೆ ಅಂದದ್ದಾದರೂ ವಕೀಲರಿಗೆ ಅದು ಸಿಹಿಯಾಗಿಯೇ ಕೇಳುತ್ತಿತ್ತು.

ಹೋದ ವರ್ಷ, ಎಂದರೆ ೧೯೮೮ರಲ್ಲಿ, ಒಂದು ಬೆಳಗ್ಗೆ ಇಳಕಲ್ಲಿನ ಹುಲ್ಲಪ್ಪ ಎಂಬವರು ತೆಂಗಿನಕಾಯಿ, ಬಾಳೆಹಣ್ಣಿನ ಗೊನೆ ತಂದು ಕಾಲಿಗೆ ಬಿದ್ದರು. “ನಿಮ್ಮಿಂದ ಭಾಳ ಉಪಕಾರ ಆತ್ರಿ,” ಎಂದಷ್ಟೇ ಹೇಳಿ ಹೋದರು. ಏನು ಉಪಕಾರವೆಂದು ಅಮಾತೆಪ್ಪ ಕೇಳಲಿಲ್ಲ. ದೊಡ್ಡವರಿಗೆ ಇಂಥವು ಬರುತ್ತಲೇ ಇರುತ್ತವೆ ಎಂದುಕೊಂಡು ಹಣ್ಣು ಸುಲಿದರು.

ಮರುದಿನ ಬಂದವರು ಹುಲ್ಲಪ್ಪನ ನೆರೆಮನೆಯ ಗುರುಲಿಂಗವ್ವ. ಅವರು ಕಾಲಿಗೂ ಬೀಳಲಿಲ್ಲ, ಕೈಯನ್ನೂ ಮುಗಿಯಲಿಲ್ಲ.

“ನಿಮ್ಮ ನಾಲಿಗಿಗೆ ಏನಾಗಿತ್ರಿ ಸಾಹೇಬ್ರ? ತಮ್ಮ ಜಾಗಾದಾಗ ಯಾರು ಎಷ್ಟು ಎತ್ತರದ ಗ್ವಾಡಿ ಬೇಕಾದ್ರೂ ಕಟ್ಟಬಹುದು ಅಂತ ಟಿ.ವಿ.ಯಾಗ ಹೇಳಿದ್ರೆಲ್ಲ, ಮುಂಜಾನಿ ಏಳೋದ್ರಾಗ ಹುಲ್ಲಪ್ಪ ಕಲ್ಲು ತರಿಸಿದ. ನನ್ನ ಮಗ್ಗದ ಕಿಡಕಿ ಪೂರಾ ಮುಚ್ಚೇತಿ. ಎಳಿ ಹರದ್ರ ಕಾಣಂಗಿಲ್ಲ. ಕತ್ತಲ್ಯಾಗ ಸೀರಿ ನೇಯಾಕ ನಾ ಏನು ಗೂಗಿ ಏನ್ರಿ?”

ನೆಲದಲ್ಲಿ ಕುಣಿ ತೋಡಿ ಹೂಡಿದ ಕುಣಿಮಗ್ಗದಲ್ಲಿ ಕೂತು ಸೀರೆ ನೇಯುವವರಿಗೆ ಆ ಒಂದು ಕಿಟಕಿಯೇ ಅನ್ನ. ಹುಲ್ಲಪ್ಪ ಎರಡು ವರ್ಷದಿಂದ ಗೋಡೆ ಎತ್ತಲು ಹವಣಿಸಿ, ಕಾಯ್ದೆಗೆ ಹೆದರಿ ಸುಮ್ಮನಿದ್ದವನು. ಟಿ.ವಿ. ತೀರ್ಪು ಅವನ ಹೆದರಿಕೆ ಕಳೆದಿತ್ತು. ಹಿಂದಿನ ದಿನದ ಬಾಳೆಹಣ್ಣು ಯಾವ ಉಪಕಾರಕ್ಕೆ ಬಂದದ್ದೆಂದು ವಕೀಲರಿಗೆ ಆಗ ತಿಳಿಯಿತು.

ಅಷ್ಟೇ ಅಲ್ಲ. ಆ ತೀರ್ಪು ತಪ್ಪೆಂದು ಓದುವಾಗಲೇ ಅವರಿಗೆ ಗೊತ್ತಿತ್ತು. ಇಪ್ಪತ್ತು ವರ್ಷ ತಡೆಯಿಲ್ಲದೆ ಬೆಳಕು ಬಂದ ಕಿಟಕಿಗೆ ಬೆಳಕಿನ ಹಕ್ಕುಂಟು, ನೆರೆಯವನು ಅದನ್ನು ಮುಚ್ಚುವಂತಿಲ್ಲ. ಸ್ಟುಡಿಯೊದಲ್ಲಿ ಮೆಲ್ಲಗೆ ಹೇಳಿಯೂ ಇದ್ದರು. “ಟೈಮಿಲ್ಲ ಸಾರ್, ಬರೆದಿರೋದು ಓದಿಬಿಡಿ,” ಎಂದಿದ್ದರು ನಿರ್ಮಾಪಕರು. ಇವರು ಓದಿ, ಸುತ್ತಿಗೆಯನ್ನೂ ಹೊಡೆದಿದ್ದರು.

“ನಿಮ್ಮ ಕೇಸ್ ನಾ ನಡಸ್ತೇನಿ ಗುರುಲಿಂಗವ್ವಾರ,” ಎಂದರು ಅಮಾತೆಪ್ಪ. ಶಿವಲಿಂಗವ್ವ ಒಳಗೆ ಕರೆದು ಎಚ್ಚರಿಸಿದರು: “ನಿಮ್ಮ ತೀರ್ಪು ನೀವ ತಪ್ಪಂದ್ರ ಆ ಕುರ್ಚಿ ಉಳೀತೈತೇನ್ರಿ?” ಉಳಿಯುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಆದರೂ ಹೊರಗೆ ಬಂದು ವಕಾಲತ್ತಿಗೆ ಗುರುಲಿಂಗವ್ವನವರ ಸಹಿ ಹಾಕಿಸಿಕೊಂಡರು.

ಕೋರ್ಟಿನಲ್ಲಿ ಹುಲ್ಲಪ್ಪನ ಪರ ನಿಂತವರು ನರಸಿಂಹ ಕಟ್ಟಿ ವಕೀಲರು. ಮಾತಿನ ಮಲ್ಲರು. ಅವರು ಎದ್ದು, ಗಂಟಲು ಸರಿಮಾಡಿಕೊಂಡು, “ಈ ವಿಷಯದೊಳಗ ಒಬ್ಬ ನ್ಯಾಯಾಧೀಶರು ಈಗಾಗಲೇ ತೀರ್ಪು ಕೊಟ್ಟಾರ ಸ್ವಾಮಿ. ನಾಡಿನ ಜನಾ ಎಲ್ಲಾ ನೋಡ್ಯಾರ. ಪುಣ್ಯಕ್ಕ ಆ ನ್ಯಾಯಾಧೀಶರು ಇಲ್ಲೇ ಕುಂತಾರ, ಬೇಕಾದ್ರ ಕೇಳಿಬಿಡೋಣ,” ಎಂದರು. ಕೋರ್ಟಿಗೆ ಕೋರ್ಟೇ ನಕ್ಕಿತು. ಟೈಪಿಸ್ಟ್ ಕೈ ನಿಲ್ಲಿಸಿದ. ಸುತ್ತಿಗೆ ಇಲ್ಲದ ಮುನ್ಸಿಫರ ಮುಖದಲ್ಲೂ ನಗು ಮೂಡಿತು. ಇಂಥ ದಿನಕ್ಕಾಗಿ ಅವರು ಕಾದಿದ್ದರೋ ಏನೋ.

“ಹೇಳಿ ವಕೀಲರೇ. ಆ ನ್ಯಾಯಾಧೀಶರಿಗೆ ಕಾಯ್ದೆ ಗೊತ್ತಿರಲಿಲ್ಲವೇ?”

ಅಮಾತೆಪ್ಪ ಎದ್ದು ನಿಂತರು. ಹಿಂದಿನ ಬೆಂಚಿನಲ್ಲಿ ಗುರುಲಿಂಗವ್ವ ಸೆರಗು ಬಿಗಿಹಿಡಿದು ಕೂತಿದ್ದರು.

“ಕಾಯ್ದೆ ಗೊತ್ತಿತ್ರಿ ಸ್ವಾಮಿ. ಧೈರ್ಯ ಇರಲಿಲ್ಲ.”

ನಗು ಅಲ್ಲಿಗೇ ನಿಂತಿತು. ಆಮೇಲೆ ಅವರು ಕಾಯ್ದೆಯ ಕಲಮು ಓದಿದರು, ಗುರುಲಿಂಗವ್ವನವರ ಮಾವನ ಕಾಲದಿಂದ ಆ ಕಿಟಕಿಯ ಬೆಳಕಿನಲ್ಲಿ ಮಗ್ಗ ನಡೆದದ್ದಕ್ಕೆ ಓಣಿಯ ಹಿರಿಯ ಜಾಫರಸಾಬರಿಂದ ಸಾಕ್ಷಿ ಹೇಳಿಸಿದರು. ಕಿಟಕಿಗೆ ಅಡ್ಡ ಬಂದಷ್ಟೂ ಗೋಡೆ ಇಳಿಸಬೇಕೆಂದು ಮುನ್ಸಿಫರು ಆಜ್ಞೆ ಮಾಡಿದರು. ಹುಲ್ಲಪ್ಪ ಕಟ್ಟೆಗೆ ಬಂದು, “ನನ್ನ ಬಾಳಿಹಣ್ಣಿನ ಗೊನಿ ವಾಪಸ್ ಕೊಡ್ರಿ,” ಎಂದು ಜಗಳ ತೆಗೆದದ್ದೂ ಆಯಿತು. ಸಂತೆಯಿಂದ ಹೊಸ ಗೊನೆ ತರಿಸಿ ಕೊಟ್ಟವರು ಶಿವಲಿಂಗವ್ವ.

ಸುದ್ದಿ ಪೇಪರಿನಲ್ಲಿ ಬಂತು. ವಾರದೊಳಗೆ ಬೆಂಗಳೂರಿನಿಂದ ಫೋನೂ ಬಂತು. ಈಗ ‘ನಿಮ್ಮ ಕಟಕಟೆ’ಯಲ್ಲಿ ನಾಟಕದ ನಟರೊಬ್ಬರು ಕೂರುತ್ತಾರೆ, ದನಿ ಗಂಟೆ ಹೊಡೆದಂತಿದೆ. ಮೊದಮೊದಲು ಆ ಕಾರ್ಯಕ್ರಮದ ಹೊತ್ತಿಗೆ ಅಮಾತೆಪ್ಪ ಮನೆಯಲ್ಲಿ ಇರುತ್ತಿರಲಿಲ್ಲ. ಊರ ಹೊರಗೆ ಅಡ್ಡಾಡಿ ಬರುತ್ತಿದ್ದರು. ನೋವಾಗಿತ್ತು, ಅದನ್ನವರು ಮುಚ್ಚಿಡುವುದಿಲ್ಲ.

ಕಟ್ಟೆಯ ಮೇಲಿನ ಜನವಾದರೂ ಕಡಿಮೆಯಾಗಬೇಕಿತ್ತಲ್ಲ? ಹೆಚ್ಚಾದರು. ಜಡ್ಜ್ ಕೊಟ್ಟ ತೀರ್ಪು ರದ್ದು ಮಾಡಿಸುವುದು ಸಣ್ಣವರ ಕೆಲಸವಲ್ಲ ಎಂದು ಸುತ್ತಲಿನ ಹಳ್ಳಿಗಳು ತೀರ್ಮಾನಿಸಿವೆ. “ಮೊದಲ ಬರೇ ಜಡ್ಜ್ ಇದ್ರು, ಈಗ ಹೈಕೋರ್ಟ್ ಆಗ್ಯಾರ,” ಎನ್ನುತ್ತಾರೆ ಬಸ್‌ಸ್ಟ್ಯಾಂಡಿನ ಪಾನಂಗಡಿಯ ನಬಿಸಾಬರು. ವಕೀಲರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಆ ಕುರ್ಚಿಗೆ ಮತ್ತೆ ಕರೆದರೆ ಹೋಗುತ್ತೀರಾ ಎಂದು ಕೇಳಿದರೆ ಅಮಾತೆಪ್ಪ ಸೈಕಲ್ಲಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸುತ್ತಾರೆ.

“ಕುರ್ಚಿ ಭಾಳ ಮೆತ್ತಗಿತ್ರಿ, ಸುಳ್ಳು ಯಾಕ ಹೇಳ್ಲಿ. ಆದ್ರ ನೋಡ್ರಿ, ಜಡ್ಜ್ ಕುಂತು ಮಾತಾಡ್ತಾನ, ವಕೀಲ ನಿಂತು ಮಾತಾಡ್ತಾನ. ನನಗ ನಿಂತಾಗನ ಖರೆ ಬಾಯಿಗೆ ಬರತೈತಿ.”