ಅಳಿಯ ಕಟ್ಟಿದ ಪೆಟ್ಟಿಗೆ ಮನೆ

ಆಗ ನನಗೆ ಐವತ್ತೆಂಟು ವರ್ಷ. ವೋಟಿನ ಕಾರ್ಡಿನಲ್ಲಿ ಐವತ್ತೆರಡು ಎಂದಿತ್ತು. ಬರೆದವನಿಗೆ ಏನು ದಾಕ್ಷಿಣ್ಯ ಬಂತೋ ಗೊತ್ತಿಲ್ಲ. ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ, ನಮ್ಮ ಹಂಚಿನ ಮನೆ ಇದ್ದ ಜಾಗದಲ್ಲಿ, ದೊಡ್ಡ ಮಗಳ ಗಂಡ ನಾಲ್ಕು ಪೆಟ್ಟಿಗೆ ಜೋಡಿಸಿ ಅದನ್ನು ಮನೆ ಎಂದು ಕರೆದು ಎರಡು ಮಳೆಗಾಲ ಕಳೆದಿತ್ತು.

ಪೆಟ್ಟಿಗೆ ಎಂದು ನಾನು ತಮಾಷೆಗೆ ಹೇಳುವುದಲ್ಲ. ಅಳಿಯನೇ ‘ಬಾಕ್ಸ್’ ಎನ್ನುತ್ತಿದ್ದರು. ಗಲ್ಫಿನಲ್ಲಿ ಹನ್ನೊಂದು ವರ್ಷ ಅವರು ಇದ್ದದ್ದು ಮನೆಯನ್ನು ಅಚ್ಚಿನಲ್ಲಿ ಎರಕ ಹೊಯ್ಯುವ ಕಂಪೆನಿಯಲ್ಲಿ. ಗೋಡೆ ಒಂದು ಹಲಗೆ, ಮೇಲಿನ ಮಾಡು ಒಂದು ಹಲಗೆ. ಎಲ್ಲವನ್ನೂ ನೆಲದ ಮೇಲೆ ಕಾಂಕ್ರೀಟಿನಲ್ಲಿ ಹೊಯ್ದು, ಸರಪಳಿ ಹಾಕಿ ಎತ್ತಿ ನಿಲ್ಲಿಸುವುದು. ಕೆಲಸ ಬಿಟ್ಟು ಊರಿಗೆ ಬಂದಾಗ ಪ್ಲಾಸ್ಟಿಕ್ ಕೊಳವೆಯೊಳಗೆ ಒಂದು ನಕ್ಷೆ ಸುರುಳಿ ಸುತ್ತಿ ತಂದರು. ಯಾವುದೋ ದೇಶದ ದೊಡ್ಡ ಇಂಜಿನಿಯರು ಬರೆದದ್ದಂತೆ. ಅದರಲ್ಲಿ ಎಲ್ಲ ಕೋಣೆಯೂ ಹನ್ನೆರಡು ಅಡಿಗೆ ಹನ್ನೆರಡು. ಮಲಗುವುದೂ ಅಷ್ಟರಲ್ಲೇ, ಅಡುಗೆಯೂ ಅಷ್ಟರಲ್ಲೇ. ಮೇಲೆ ಚಪ್ಪಟೆ. ಮೂಲೆಗೆ ನೆಲದಿಂದ ಮಾಡಿನವರೆಗೆ ಗಾಜು. ಮಾಡು ಗೋಡೆಯಿಂದ ಒಂದು ಬೆರಳಿನಷ್ಟೂ ಹೊರಗೆ ಬರಬಾರದು.

“ಇಳಿಮಾಡು ಬೇಡವಾ?” ಎಂದು ಮೇಸ್ತ್ರಿ ಕೇಳಿದ.

“ಇಳಿಮಾಡು ಹಾಕಿದರೆ ಗೆರೆ ಹಾಳಾಗ್ತದೆ,” ಎಂದರು ಅಳಿಯ.

ಯಾವ ಗೆರೆ ಎಂದು ಮೇಸ್ತ್ರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಇದು ಮಾದರಿ ಮನೆ, ಇದನ್ನು ನೋಡಿ ಬೆಳ್ತಂಗಡಿಯಿಂದ ಮೂಡಬಿದ್ರೆಯವರೆಗೆ ಜನ ತಮಗೂ ಒಂದು ಬೇಕು ಎನ್ನುತ್ತಾರೆ ಎಂಬುದು ಅವರ ಅಂದಾಜು. ಜನ ನೋಡಿದ್ದೂ ಹೌದು. ಒಬ್ಬ ಮುದುಕ ಬಂದು ಕರೆಂಟಿನ ಬಿಲ್ಲು ಇಲ್ಲಿ ಕಟ್ಟುವುದಾ ಎಂದು ಕೇಳಿದ. ಬಸ್ಸಿನ ಕಂಡಕ್ಟರು ನಮ್ಮ ನಿಲ್ದಾಣಕ್ಕೆ ‘ಪೆಟ್ಟಿಗೆ, ಪೆಟ್ಟಿಗೆ’ ಎಂದು ಕೂಗತೊಡಗಿದ.

ಒಂದು ವಿಷಯ ಮಾತ್ರ ನನಗೆ ಸರಿ ಕಂಡಿತ್ತು. ನಮ್ಮ ಬ್ಯಾರಿಗಳಲ್ಲಿ ಮದುವೆಯಾದ ಹೊಸತರಲ್ಲಿ ಹುಡುಗ ಹೆಂಡತಿಯ ಮನೆಗೆ ಬಂದು ಉಳಿಯುತ್ತಾನೆ. ಆ ಹೊಸ ಮದುಮಗನಿಗೆ, ನಾವು ಪುದಿಯಾಪ್ಲೆ ಎನ್ನುವವನಿಗೆ, ಬೇರೆಯೇ ಒಂದು ಕೋಣೆ ಬೇಕು. ಹೆಣ್ಣುಮಕ್ಕಳು ಎಷ್ಟೋ ಕೋಣೆ ಅಷ್ಟು. ಹಳೆಯ ಮನೆಯಲ್ಲಿ ಅದಕ್ಕಾಗಿ ಗೋಡೆ ಒಡೆಯಬೇಕಿತ್ತು. ಇದರಲ್ಲಿ ಬೇಕಾದಾಗ ಒಂದು ಪೆಟ್ಟಿಗೆ ಜೋಡಿಸಿದರೆ ಆಯಿತು. ನನಗೆ ಇದ್ದದ್ದು ಇಬ್ಬರು ಹೆಣ್ಣುಮಕ್ಕಳು. ನಾಲ್ಕನೆಯ ಪೆಟ್ಟಿಗೆ ಸಣ್ಣವಳ ಪುದಿಯಾಪ್ಲೆಗೆ ಎಂದು ಮೊದಲೇ ಮಾಡಿಟ್ಟರು. ಹುಡುಗ ಸಿಗುವ ಮೊದಲೇ ಹುಡುಗನ ಕೋಣೆ ಸೋರಲು ತೊಡಗಿತು.

ನಮ್ಮ ಕಡೆಯ ಮಳೆ ಮೇಲಿನಿಂದ ಕೆಳಗೆ ಬೀಳುವುದು ಕಮ್ಮಿ. ಪಡುವಣದಿಂದ ಅಡ್ಡ ಬರುತ್ತದೆ, ಗೋಡೆಗೆ ಹೊಡೆಯುತ್ತದೆ, ಸಂದು ಹುಡುಕುತ್ತದೆ. ಸಂದುಗಳನ್ನು ಅಳಿಯ ಬೇಕೆಂದೇ ಬಿಟ್ಟಿದ್ದರು. ಬಿಸಿಲಿಗೆ ಕಾಂಕ್ರೀಟು ಉಬ್ಬುತ್ತದಂತೆ, ಪೆಟ್ಟಿಗೆಗೂ ಪೆಟ್ಟಿಗೆಗೂ ನಡುವೆ ಅದಕ್ಕೆ ಜಾಗ ಬೇಕಂತೆ. ಮರುಭೂಮಿಯ ಬಿಸಿಲಿಗೆ ಎಷ್ಟು ಬೇಕೋ ಅಷ್ಟು ಜಾಗ ಇಲ್ಲಿಯೂ ಬಿಟ್ಟಿದ್ದರು. ಕಾಂಕ್ರೀಟು ಉಬ್ಬಲಿಲ್ಲ. ಆ ಜಾಗದಲ್ಲಿ ನೀರು ಬಂತು.

ನೀವು ಹೇಳಲಿಲ್ಲವಾ ಎಂದು ಕೇಳಬಹುದು. ನನ್ನ ಬಾಯಿ ಊರಿಗೇ ಗೊತ್ತಿದ್ದದ್ದು. ಬೀಡಿ ಕಂಟ್ರಾಕ್ಟರಿನಿಂದ ಹಿಡಿದು ಮೀನು ಮಾರುವವನವರೆಗೆ ಯಾರನ್ನೂ ನಾನು ಬಿಟ್ಟವಳಲ್ಲ. ಆದರೆ ಅಳಿಯನ ಎದುರು ನಿಂತು ಮಾತಾಡುವ ಕ್ರಮ ನಮ್ಮಲ್ಲಿ ಇಲ್ಲ. ತಲೆಗೆ ಸೆರಗು ಹಾಕಿಕೊಂಡು ಬಾಗಿಲಿನ ಹಿಂದೆ ನಿಂತು, ಮಗಳ ಮೂಲಕ ಹೇಳಿಸಬೇಕು. ನನ್ನ ದೊಡ್ಡ ಮಗಳಿಗೆ ಗಂಡನನ್ನು ಕಂಡರೆ ಭಾರೀ ಪ್ರೀತಿ. ನನ್ನ ಮಾತು ಅವಳ ಬಾಯಿಗೆ ಹೋಗಿ ಹೊರಗೆ ಬರುವಾಗ ಬೇರೆಯೇ ಆಗಿರುತ್ತಿತ್ತು.

“ಹಾಸಿಗೆಯ ಮೇಲೆ ನೀರು ಬೀಳ್ತದೆ ಎಂದು ಹೇಳು,” ಎನ್ನುತ್ತಿದ್ದೆ ನಾನು.

“ಕೋಣೆ ಒಳ್ಳೆ ತಂಪುಂಟು ಅಂತ ಉಮ್ಮ ಹೇಳ್ತಾರೆ,” ಎನ್ನುತ್ತಿದ್ದಳು ಅವಳು.

“ಅಲ್ಲಿ ಹನ್ನೊಂದು ವರ್ಷದಲ್ಲಿ ನಾವು ಕಟ್ಟಿದ ಒಂದು ಮನೆಯೂ ಸೋರಲಿಲ್ಲ,” ಎಂದರು ಒಮ್ಮೆ ಅಳಿಯ, ಯಾರೂ ಕೇಳದೆ.

“ಆ ಹನ್ನೊಂದು ವರ್ಷದಲ್ಲಿ ಮಳೆ ಎಷ್ಟು ದಿನ ಬಂತು ಎಂದು ಕೇಳು.”

“ಅಲ್ಲಿಯ ಹವೆ ಹೇಗೆ ಅಂತ ಉಮ್ಮ ಕೇಳ್ತಾರೆ.”

ಅವರು ಅರ್ಧ ಗಂಟೆ ಅಲ್ಲಿಯ ಹವೆಯ ಬಗ್ಗೆ ಹೇಳಿದರು. ನಾನು ಬಾಗಿಲಿನ ಹಿಂದೆ ಬಕೆಟು ಹಿಡಿದು ಕೇಳಿದೆ.

ಅವರು ಸುಮ್ಮನೆ ಕೂತವರಲ್ಲ, ಅದನ್ನೂ ಹೇಳಬೇಕು. ಮೊದಲ ಮಳೆಗಾಲದಲ್ಲಿ ಡಬ್ಬಿಯಲ್ಲಿ ಬರುವ ಬಿಳಿ ಪೈಂಟು ಬಳಿದರು. ಅದು ಮಳೆ ಜೋರಿರುವ ಆಟಿ ತಿಂಗಳಿನೊಳಗೆ ಪಾಚಿ ಹಿಡಿದು ಹಸಿರಾಯಿತು. ಆಮೇಲೆ ಡಾಮರಿನ ಹಾಳೆ ಅಂಟಿಸಿದರು. ಗಾಳಿಗೆ ಅದು ಎದ್ದು ಪಕ್ಕದವರ ಬಾಳೆಗೆ ಸುತ್ತಿಕೊಂಡಿತು. ಯಾರೋ ರಬ್ಬರ್ ತೋಟದವರು ಹೇಳಿದರು ಎಂದು ಸಂದುಗಳಿಗೆ ರಬ್ಬರ್ ಹಾಲು ಸುರಿದರು. ನೀರು ನಿಲ್ಲಲಿಲ್ಲ. ವಾಸನೆಗೆ ಹದಿನೈದು ದಿನ ಮನೆಗೆ ನೆಂಟರು ಬರುವುದು ನಿಂತಿತು.

ನನ್ನ ಕೆಲಸ ಬೀಡಿ ಕಟ್ಟುವುದು. ಹಳೆಯ ಮನೆಯ ಜಗಲಿಯಲ್ಲಿ ಕೂತು ನಲವತ್ತು ವರ್ಷ ಕಟ್ಟಿದ್ದೆ. ಇದರಲ್ಲಿ ಜಗಲಿಯೇ ಇಲ್ಲ. ಕೋಣೆಯೊಳಗೆ ಕೂತು ಕಟ್ಟಿದ ಬೀಡಿ ಬೂಸಲು ಹಿಡಿಯಿತು. ಕಂಟ್ರಾಕ್ಟರು ಮೂಸಿ ನೋಡಿ, “ಇದೇನು, ಕೆರೆಯೊಳಗೆ ಕಟ್ಟಿದ್ದಾ?” ಎಂದು ವಾಪಸು ಕೊಟ್ಟ. ಕಡೆಗೆ ಎಲೆ, ಹೊಗೆಸೊಪ್ಪು ಹಾಕುವ ಗೆರಸೆ ತೆಗೆದುಕೊಂಡು ಕೋಳಿಗೂಡಿನಲ್ಲಿ ಇಟ್ಟೆ. ಗೂಡಿಗೆ ಹಳೆಯ ಮನೆಯ ಹಂಚು ಹಾಕಿತ್ತು. ಮಿಕ್ಕ ಹಂಚನ್ನೂ ಮಾರಲು ಬಿಡದೆ, ಕೋಳಿಗೂಡು ದೊಡ್ಡದು ಮಾಡಲಿಕ್ಕುಂಟು ಎಂದು ಸುಳ್ಳು ಹೇಳಿ ಅದರ ಹಿಂದೆ ಅಟ್ಟಿ ಇಡಿಸಿದ್ದೆ. ನಮ್ಮ ಹಿತ್ತಿಲಿನಲ್ಲಿ ಆ ಎರಡು ವರ್ಷ ಒದ್ದೆಯಾಗದೆ ಮಲಗಿದ್ದು ಕೋಳಿಗಳು ಮಾತ್ರ.

ಎಲ್ಲಿ ಸೋರುತ್ತದೆ ಎಂಬುದನ್ನು ಬೀಡಿ ಎಲೆಯಿಂದಲೇ ಕಂಡುಹಿಡಿದೆ. ಒಣಗಿದ ಎಲೆಯ ತುಂಡುಗಳನ್ನು ಕೋಣೆಕೋಣೆಯಲ್ಲಿ ಮೊಳಕ್ಕೊಂದರಂತೆ ಇಟ್ಟು, ಬೆಳಿಗ್ಗೆ ಒಂದೊಂದನ್ನೇ ಮಡಚಿ ನೋಡುವುದು. ಟಕ್ ಎಂದು ಮುರಿದರೆ ಆ ಜಾಗ ಒಣ. ಮೆತ್ತಗೆ ಮಡಚಿದರೆ ಹಸಿ. ಅಳಿಯ ಪಟ್ಟಿ ಹಿಡಿದು ಅಳೆಯುತ್ತಿದ್ದರು, ನಾನು ಎಲೆ ಮಡಚುತ್ತಿದ್ದೆ. ಎರಡನೆಯ ಮಳೆಗಾಲ ಮುಗಿಯುವಾಗ ಮನೆಯ ಒಂದೊಂದು ತೊಟ್ಟೂ ನನಗೆ ಗೊತ್ತಿತ್ತು. ಎಲ್ಲಕ್ಕಿಂತ ಜೋರು ಬೀಳುವುದು ನಾಲ್ಕನೆಯ ಪೆಟ್ಟಿಗೆಯಲ್ಲಿ, ಗಾಜಿನ ಮೂಲೆಯಿಂದ ಎರಡು ಮೊಳ ಈಚೆ. ಮಂಚಕ್ಕೆ ಗುರುತು ಹಾಕಿದ ಜಾಗ.

ಮೂರನೆಯ ಮಳೆಗಾಲ ಹಿಡಿದಾಗ ಸಣ್ಣವಳಿಗೆ ಸಂಬಂಧ ಬಂತು. ಅವಳಿಗೆ ಇಪ್ಪತ್ತನಾಲ್ಕು, ಅದಕ್ಕೆ ಮೊದಲು ಎರಡು ಸಂಬಂಧ ಬಂದು ತಪ್ಪಿತ್ತು. ಹುಡುಗ ಮೂಡಬಿದ್ರೆ ಕಡೆಯವನು, ಬಟ್ಟೆ ಅಂಗಡಿ. ಹುಡುಗಿಯನ್ನು ಗುರುವಾಯನಕೆರೆಯ ಒಂದು ಮದುವೆಯಲ್ಲಿ ನೋಡಿ ಒಪ್ಪಿ ಆಗಿತ್ತು. ಬಾಕಿ ಇದ್ದದ್ದು ಹುಡುಗನ ತಾಯಿ ಬಂದು ಮನೆ, ಪುದಿಯಾಪ್ಲೆಯ ಕೋಣೆ ನೋಡುವುದು. ಅದಾದ ಮೇಲೆ ನಿಖಾದ ದಿನ ಇಡುವುದು.

ಅಳಿಯನಿಗೆ ಉತ್ಸಾಹ. ಆ ಕಡೆಯವರೂ ಹೊಸ ಮನೆ ಕಟ್ಟುವ ಅಂದಾಜಿನಲ್ಲಿದ್ದಾರೆ ಎಂದು ಅವರಿಗೆ ಸುದ್ದಿ ಇತ್ತು. ನಕ್ಷೆಯ ಕೊಳವೆ ಒರೆಸಿ ಇಟ್ಟರು. ದೊಡ್ಡವಳು ಬಕೆಟುಗಳನ್ನೆಲ್ಲ ಹಿಂದೆ ಬಚ್ಚಿಟ್ಟಳು. ಗೋಡೆಯ ಪಾಚಿಗೆ ಅಡ್ಡವಾಗಿ ಒಂದು ಕ್ಯಾಲೆಂಡರು ತೂಗಿಸಿದಳು.

ನಾನು ನಾಲ್ಕನೆಯ ಪೆಟ್ಟಿಗೆಗೆ ಹೋಗಿ, ಇದ್ದದ್ದರಲ್ಲಿ ಒಳ್ಳೆಯ ಕುರ್ಚಿಯನ್ನು ಗಾಜಿನ ಮೂಲೆಯಿಂದ ಎರಡು ಮೊಳ ಈಚೆ ಇಟ್ಟೆ.

ಸಣ್ಣವಳು ಕಂಡಳು. “ಉಮ್ಮಾ, ಅಲ್ಲಿ ಬೀಳ್ತದೆ!” ಎಂದು ಕುರ್ಚಿ ಎಳೆದಳು.

“ಗೊತ್ತುಂಟು,” ಎಂದು ನಾನು ತಿರುಗಿ ಅಲ್ಲಿಗೇ ಎಳೆದೆ.

“ನನ್ನ ಮದುವೆ ತಪ್ಪಿಸಲಿಕ್ಕಾ?”

“ತಪ್ಪುವುದಾದರೆ ಇವತ್ತು ಒಂದು ಚಹಾದಲ್ಲಿ ತಪ್ಪಲಿ. ಮದುವೆ ಆದ ಮೇಲೆ ಅವನು ಒದ್ದೆ ಹಾಸಿಗೆಯಿಂದ ಎದ್ದು ಹೋದರೆ ತಿರುಗಿ ಕರಕೊಂಡು ಬರುವುದು ಯಾರು, ನಿನ್ನ ಭಾವನಾ? ನಾನು ಹೇಳಿದ್ದು ನಿನ್ನ ಅಕ್ಕನ ಬಾಯಿ ದಾಟುವುದಿಲ್ಲ. ಹುಡುಗನ ತಾಯಿ ಹೇಳಿದರೆ ದಾಟಿಸಲಿಕ್ಕೆ ಯಾರೂ ಬೇಡ.”

ಅವಳು ಅತ್ತಳು. ಅಳಲಿ ಎಂದು ಬಿಟ್ಟೆ. ಮೂರನೆಯದೂ ತಪ್ಪಿದರೆ ಊರು ಮನೆಯ ಸುದ್ದಿ ಮಾತಾಡುವುದಿಲ್ಲ, ಹುಡುಗಿಯಲ್ಲೇ ಏನೋ ಉಂಟು ಎನ್ನುತ್ತದೆ. ಕುರ್ಚಿಯನ್ನು ಮಾತ್ರ ತೆಗೆಯಲಿಲ್ಲ.

ಹುಡುಗನ ತಾಯಿ ಮಧ್ಯಾಹ್ನದ ನಮಾಜು ಮುಗಿಸಿ ಜೀಪಿನಲ್ಲಿ ಬಂದರು. ನನ್ನ ಪ್ರಾಯದವರೇ, ತೋರ ಹೆಂಗಸು. ಒಳಗೆ ಬಂದವರು ಒಮ್ಮೆ ಮೂಗು ಎಳೆದರು. ಕುರ್ಚಿ ತೋರಿಸಿದೆ. ಕೂತರು. ಚಹಾ, ಹಲ್ವ, ಬಾಳೆಕಾಯಿ ಪೋಡಿ ಬಂತು. ಅಳಿಯ ಬಾಗಿಲಿನಲ್ಲಿ ನಿಂತು, ಪೆಟ್ಟಿಗೆಯನ್ನು ಹೇಗೆ ಎತ್ತುವುದು, ಹೇಗೆ ಕೂರಿಸುವುದು ಎಂದು ವಿವರಿಸತೊಡಗಿದರು. ಹೊರಗೆ ಕತ್ತಲೆ ಕಟ್ಟಿ ಮಳೆ ಹೊಡೆಯಿತು.

ಮೊದಲನೆಯ ತೊಟ್ಟು ಅವರ ಭುಜಕ್ಕೆ ಬಿತ್ತು. ಅವರು ತಲೆಯ ವಸ್ತ್ರ ಸರಿಮಾಡಿಕೊಂಡರು. ಎರಡನೆಯದು ಚಹಾಕ್ಕೆ ಬಿತ್ತು. ಅವರು ಚಹಾ ನೋಡಿದರು, ಮೇಲೆ ನೋಡಿದರು, ನನ್ನನ್ನು ನೋಡಿದರು. ನಾನು ಕ್ಯಾಲೆಂಡರು ನೋಡಿದೆ.

ನನಗೆ ಹೆದರಿಕೆ ಆದದ್ದು ಆಗಲೇ. ಈ ಹೆಂಗಸು ಭಾರೀ ಮರ್ಯಾದಸ್ಥೆ. ಏನೂ ಹೇಳುವುದಿಲ್ಲ. ಒಂದು ಗುಟುಕು ಕುಡಿಯುತ್ತಾರೆ, ಅಷ್ಟು ನೀರು ಮೇಲಿನಿಂದ ತುಂಬುತ್ತದೆ. ಮತ್ತೊಂದು ಗುಟುಕು ಕುಡಿಯುತ್ತಾರೆ. ಹೀಗೆಯೇ ಕುಡಿದು ಎದ್ದು ಹೋಗಿ, ನಾಳೆ ಬೇರೆ ಯಾರ ಬಾಯಲ್ಲೋ ಸಂಬಂಧ ಬೇಡ ಎಂದು ಹೇಳಿಸಿದರೆ ನನ್ನ ಲೆಕ್ಕವೆಲ್ಲ ತಪ್ಪಿತು. ಅಳಿಯ ಬಿಸಿಲಿಗೆ ಕಾಂಕ್ರೀಟು ಉಬ್ಬುವುದರ ಬಗ್ಗೆ ಹೇಳುತ್ತಲೇ ಇದ್ದರು. ದೊಡ್ಡವಳು ಮೆಲ್ಲ ಬಂದು ಕುರ್ಚಿಯ ಹಿಂದೆ ನಿಂತು ಅಂಗೈ ಒಡ್ಡಿದಳು, ಹಾರುವ ನೊಣ ಹಿಡಿಯುವವಳ ಹಾಗೆ.

ಕಡೆಗೆ ಅವರು ಕಪ್ಪು ಕೆಳಗೆ ಇಟ್ಟರು.

“ಚಹಾ ಮೊದಲು ಒಳ್ಳೆ ಗಟ್ಟಿ ಇತ್ತು ಮಾರಾಯ್ತಿ,” ಎಂದರು ನನಗೆ. “ಈಗ ಕುಡಿದಷ್ಟೂ ಜಾಸ್ತಿ ಆಗ್ತಾ ಉಂಟು.”

“ಅದು ಸೋರುವುದಲ್ಲ,” ಎಂದರು ಅಳಿಯ. “ಕಾಂಕ್ರೀಟು ಬೆವರುವುದು.”

“ಹೌದಾ ಮೋನೆ? ಭಾರೀ ಕೆಲಸ ಮಾಡಿತಾ ಅದು?” ಸ್ವಂತ ಮಗನನ್ನು ಕೇಳುವ ಹಾಗೆ ಕೇಳಿ ಅವರು ವಸ್ತ್ರದ ತುದಿಯಿಂದ ಭುಜ ಒರೆಸಿದರು. “ಮಂಚ ಎಲ್ಲಿ ಇಡುವುದು?”

ಅಳಿಯ ನಕ್ಷೆಯ ಕೊಳವೆ ಕೈಗೆ ತೆಗೆದುಕೊಂಡರು.

“ಇಲ್ಲೇ,” ಎಂದೆ ನಾನು. ಅಳಿಯನ ಎದುರು ನಾನು ನೇರ ಆಡಿದ ಮೊದಲನೆಯ ಮಾತು ಅದು.

“ಹುಡುಗಿ ನಮಗೆ ಆಗ್ತದೆ,” ಎಂದರು ಅವರು. “ಕೋಣೆ ಆಗುವುದಿಲ್ಲ. ನನ್ನ ಮಗನಿಗೆ ಸಣ್ಣದರಿಂದಲೇ ದಮ್ಮಿನ ಕಾಯಿಲೆ. ಇದರ ಮೇಲೆ ಹಂಚು ಹಾಕಿ, ಆಮೇಲೆ ದಿನ ಇಡುವ. ಹಂಚು ಆಗದಿದ್ದರೆ ದಿನವೂ ಬೇಡ.”

ಅಳಿಯ ಆ ಎರಡು ವರ್ಷದಲ್ಲಿ ಮೊದಲ ಸಲ ತಲೆ ಎತ್ತಿ ಮೇಲೆ ನೋಡಿದರು. ಒಂದು ತೊಟ್ಟು ಅವರ ಕನ್ನಡಕಕ್ಕೇ ಬಿತ್ತು. ಕನ್ನಡಕ ತೆಗೆದು ಒರೆಸಿದರು. ತುಂಬ ಹೊತ್ತು ಒರೆಸಿದರು. ಸಣ್ಣವಳು ಅಡುಗೆ ಕೋಣೆಯ ಬಾಗಿಲಿನಲ್ಲಿ ನಿಂತಿದ್ದಳು.

“ಹಂಚು ಪ್ಲಾನಿನಲ್ಲೇ ಉಂಟು,” ಎಂದರು ಅಳಿಯ ಕಡೆಗೆ. “ಎರಡನೆಯ ಹಂತ ಅದು. ಡಬಲ್ ರೂಫ್ ಅಂತ ಹೇಳ್ತಾರೆ.”

“ಇಳಿಮಾಡು ಉಂಟಾ ಅದಕ್ಕೆ?” ಎಂದರು ಹುಡುಗನ ತಾಯಿ.

“ಉಂಟು.”

“ಎಷ್ಟು ಅಡಿ?”

“ಮೂರು.”

“ನಾಲ್ಕು ಮಾಡಿ. ಮಳೆ ಅಡ್ಡ ಬರ್ತದೆ,” ಎಂದು ಎದ್ದರು.

ಜೀಪಿನವರೆಗೆ ನಾನೇ ಕೊಡೆ ಹಿಡಿದು ಹೋದೆ. ಹತ್ತುವ ಮೊದಲು ಅವರು ತಿರುಗಿದರು. “ಆ ಕುರ್ಚಿ ಅಲ್ಲಿ ಇಟ್ಟದ್ದು ನೀವೇ ಅಲ್ವಾ?” ಎಂದು ಮೆಲ್ಲ ಕೇಳಿದರು.

ನಾನು ಕೊಡೆಯನ್ನು ಅವರ ಕಡೆಗೆ ಇನ್ನಷ್ಟು ವಾಲಿಸಿದೆ.

“ನನಗೂ ಅಳಿಯ ಇದ್ದಾನೆ ಮಾರಾಯ್ತಿ. ಬಾವಿ ತೋಡಿಸಿದ್ದಾನೆ, ಗುಡ್ಡದ ತುದಿಯಲ್ಲಿ,” ಎಂದು ಹೇಳಿ ಹತ್ತಿ ಕೂತರು.

ಸಣ್ಣವಳು ಕುರ್ಚಿಯನ್ನು ಒರೆಸಿ ಒಣ ಜಾಗದಲ್ಲಿ ಇಟ್ಟಳು. ನಾನು ನಮಾಜು ಮುಗಿಸಿ ಬೇಗ ಮಲಗಿದೆ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟು ಸ್ವಲ್ಪ ಹೊಳವಾಗಿತ್ತು. ಬೀಡಿಯ ಗೆರಸೆ ಮುಟ್ಟಲಿಲ್ಲ. ಕೋಳಿಗೂಡಿನ ಹಿಂದೆ ಹೋಗಿ, ಹಂಚಿನ ಅಟ್ಟಿಯ ಮೇಲಿನ ಪ್ಲಾಸ್ಟಿಕ್ ತೆಗೆದು, ಎರಡು ಚೇಳು ಕೊಂದು, ಮೊದಲನೆಯ ಹಂಚು ಎಳೆದು ತೆಂಗಿನ ಸಿಪ್ಪೆಯಿಂದ ಪಾಚಿ ತಿಕ್ಕಲು ಕೂತೆ.