ಕಣಕ್ಕೆ ಇಳಿದ ವಿಮಾನ ಮತ್ತು ನನ್ನ ಕುಪ್ಪಸದ ತೋಳು

ತಾನು ಮದುವೆಗೆ ತೊಟ್ಟ ಕುಪ್ಪಸದ ಎಡತೋಳನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡುವ ಭಾಗ್ಯ ಎಷ್ಟು ಹೆಂಗಸರಿಗಿದೆ, ಹೇಳಿ? ನನಗೆ ಕಳೆದ ಭಾನುವಾರ ಒದಗಿತು. ಭಾವನ ಮಗ ಬಸು ಕೊಳಾರದ ಕಾರ್ಖಾನೆಯ ಕೆಲಸ ಬಿಟ್ಟು, ಸಾಯಗಾಂವದ ನಮ್ಮ ಹೊಲದಲ್ಲಿ ನಾಲ್ಕು ಕೋಣೆ ಕಟ್ಟಿ, ಪಟ್ಟಣದವರಿಗೆಂದು ವಿಶ್ರಾಂತಿಧಾಮ ಮಾಡಿದ್ದಾನೆ. ಅವನ ಅಜ್ಜಿಯ, ಅಂದರೆ ನನ್ನ ಅತ್ತೆಯ, ಟ್ರಂಕಿನಲ್ಲಿ ಸಿಕ್ಕ ಆ ತೋಳನ್ನು ಬಾಗಿಲಲ್ಲೇ ಇಟ್ಟು, 'ಹಳೆಯ ವಿಮಾನ ನಿಲ್ದಾಣದ ಗಾಳಿಚೀಲ' ಎಂದು ಬರೆಸಿದ್ದ.

ಪೂರಾ ಸುಳ್ಳಲ್ಲ. ವಿಮಾನ ಬಂದಿತ್ತು.

ನಾನಾಗ ಹೊಸ ಸೊಸೆ. ಸಂಕ್ರಾಂತಿಗೆ ಔರಾದದ ತವರಿಗೆ ಹೋಗಿ, ಎಳ್ಳುಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದು ಬಂದಿದ್ದೆ. ಆ ಕೆಂಪು ಕುಪ್ಪಸ ತೊಟ್ಟು ಕೈ ಎತ್ತಿದ್ದೇ ತಡ, ತೋಳು ಪರ್ರನೆ ಹರಿಯಿತು. ಅತ್ತೆ ಯಾವುದನ್ನೂ ದಂಡ ಮಾಡುವವರಲ್ಲ. ತೋಳು ಕತ್ತರಿಸಿ, ಹರಿದಲ್ಲಿ ಹೊಲಿದು, ಜೋಳದ ರಾಶಿಯ ದಿನ ಕಣದ ಗಳಕ್ಕೆ ಕಟ್ಟಿದರು. ತೂರುವಾಗ ಗಾಳಿಯ ದಿಕ್ಕು ತಿಳಿಯಬೇಕಲ್ಲ!

"ನಿನ್ನ ತೋಳಂತ ಯಾರ ಮುಂದೂ ಅನ್ನಂಗಿಲ್ಲ, ಅಳಬ್ಯಾಡ," ಎಂದು ಮಾತು ಕೊಟ್ಟರು.

ತೋಳು ಗಾಳಿ ಕುಡಿದು ಅಡ್ಡಕ್ಕೆ ನಿಂತಿತು. ಮೇಲೆ ಕೆಮ್ಮುತ್ತ ಹೊರಟಿದ್ದ ಪುಟ್ಟ ವಿಮಾನದವನ ಕಣ್ಣಿಗೆ ಬಿತ್ತು. ಗಾಳಿಯ ದಿಕ್ಕು ತೋರುವ ಗಾಳಿಚೀಲವಿದ್ದಲ್ಲಿ ನಿಲ್ದಾಣವಿರಲೇಬೇಕೆಂದು ಅವನು ಕೊಯ್ಲಾದ ಹೊಲದಲ್ಲಿ ಇಳಿಸಿ, ಕುಣಿಯುತ್ತ ಕಣದ ಅಂಚಿಗೇ ಬಂದು ನಿಂತ. ಜನರೆಲ್ಲ ಓಡಿದರು. ಅತ್ತೆ ಓಡಲಿಲ್ಲ.

"ಬೂಟ ಬಿಚ್ರಿ ಮೊದಲ! ಕಣ ಅದ ಇದು."

ಪಾಪ, ಬಿಚ್ಚಿದ. ಬರಿಗಾಲಲ್ಲೇ ಇಂಜಿನ್ ಸರಿಮಾಡಿದ. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅತ್ತೆ ಅವನ ಟೋಪಿ ತುಂಬ ಜೋಳ ಸುರಿದರು. ಪಂಖ ತಿರುಗಿದಾಗ ಹಿಂದಿನ ಗಾಳಿಗೆ ರಾಶಿಯ ಒಂದು ಮಗ್ಗುಲಿನ ಹೊಟ್ಟು ಪೂರಾ ಹಾರಿಹೋಯಿತು. ಅತ್ತೆ ಮೊರ ಬೀಸುತ್ತ ಕೂಗಿದರು: "ಇನ್ನಾ ಅರ್ಧ ರಾಶಿ ಅದ! ಬಾಲ ಈ ಕಡಿ ತಿರಗಸ್ರೀ!" ತಿರುಗಿಸಿದ, ದೇವರಂಥ ಮನುಷ್ಯ.

ಅತ್ತೆ ಕೊನೆಯವರೆಗೂ ನನ್ನ ಮಾನ ಕಾದರು. ಆದರೆ ಭಾನುವಾರ ಬೀದರದಿಂದ ಬಂದ ಅತಿಥಿಯೊಬ್ಬಳು ಪೆಟ್ಟಿಗೆಗೆ ಬಗ್ಗಿ, "ಗಾಳಿಚೀಲಕ್ಕ ಜರಿ ಅಂಚು ಯಾಕ್ರಿ?" ಎಂದಳು. ಅವಳ ಗಂಡ ನಕ್ಕ: "ವಿಮಾನಾನೂ ಬರೀ ಡೋಂಗಿ. ನಡಿ, ಹೋಗೋಣು."

ಬಸುವಿನ ಮೊದಲ ಅತಿಥಿಗಳು ಅವರು. ಅವನ ಮುಖ ಸಪ್ಪಗಾಯಿತು. "ಕಾಕಿ, ನೀವರ ಹೇಳ್ರಿ!"

ನಲವತ್ತು ವರ್ಷ ಬಚ್ಚಿಟ್ಟ ನಾಚಿಕೆ. ಹುಡುಗನ ಮುಖ ನೋಡಿದೆ. "ಪೆಟ್ಟಿಗಿ ತಗಿ," ಎಂದೆ. ಹೋಳಿಗೆಯಿಂದ ಹಿಡಿದು ಎಲ್ಲ ಹೇಳಿದೆ. ಆ ಹೆಂಗಸು ನಕ್ಕು ನಕ್ಕು ನೆಲಕ್ಕೆ ಕೂತಳು. ಗಂಡ ತಾನಾಗಿಯೇ ಬೂಟು ಬಿಚ್ಚಿದ.

ಸಾಕ್ಷಿಗೆಂದು ಅಂಗಳಕ್ಕೆ ಬಂದು ತೋಳಿನೊಳಗೆ ಕೈ ತೂರಿಸಿದೆ. ಅಂದು ಬಿಗಿಯಾಗಿ ಹರಿದ ತೋಳು ಈಗ ಭುಜದವರೆಗೂ ಸಲೀಸಾಗಿ ಏರಿತು, ಇನ್ನೊಂದು ಕೈಗೂ ಜಾಗವಿತ್ತು; ನಾನು ಅಷ್ಟು ಸೊರಗಿದ್ದೆ. ಅತ್ತೆ ಇರಬೇಕಿತ್ತು. ಕೈ ಮೇಲೆತ್ತಿ ಎಲ್ಲರಿಗೂ ತೋರಿಸಿದೆ.

ಅಷ್ಟರಲ್ಲಿ ಬೀದರದ ಕಡೆಯಿಂದ ಒಂದು ವಿಮಾನ ಗುಂಯ್ ಎಂದು ಬಂತು. ನಾನು ಗಡಬಡಿಸಿ ಕೈ ಇಳಿಸಿದೆ. ಮನೆಯಲ್ಲಿ ಕೊಡಲು ಒಂದು ಟೋಪಿ ಜೋಳವೂ ಇರಲಿಲ್ಲ.